ಅವಳ ಪಾಲಿನ ಸಾಲುಗಳು

ಕಿವಿಗೆ ಒತ್ತಿಕೊಳ್ಳುವ ಆ ಸ್ಪಂಜು ಕಿತ್ತಳೆ ಬಣ್ಣದ್ದಾಗಿತ್ತು ಎಂದು ನನ್ನ ನೆನಪು. ಕಪ್ಪು ಇದ್ದಿರಲೂಬಹುದು. ಆ ಕಾಲದ ಅಂಥ ಕ್ಯಾಸೆಟ್ ಯಂತ್ರಗಳ ಚಿತ್ರಗಳನ್ನು ಆಮೇಲೆ ಎಷ್ಟೋ ಕಡೆ ನೋಡಿದ್ದೇನೆ. ಅವುಗಳಲ್ಲಿ ಯಾವುದೋ ಒಂದರ ಬಣ್ಣ ನನಗೆ ತಿಳಿಯದೆ ಚಿಕ್ಕಮ್ಮನ ಕಿವಿಯ ಮೇಲೆ ಬಂದು ಕೂತಿದ್ದರೆ ಆಶ್ಚರ್ಯವಿಲ್ಲ. ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ನಾನು ಕಂಡದ್ದು, ಇನ್ನರ್ಧ ಕೇಳಿದ್ದು. ಎಲ್ಲ ಕೆಟ್ಟುಹೋದ ಆ ದಿನ ನಾನು ಊರಿನಲ್ಲೇ ಇರಲಿಲ್ಲ. ಆದರೂ ಇಡೀ ದಿನವನ್ನು ಕಣ್ಣಾರೆ ನೋಡಿದವಳ ಹಾಗೆ ನೆನಪಿಟ್ಟುಕೊಂಡಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆಯಾದದ್ದು ಇದು ಗೊತ್ತಾದಾಗ.

ಕಳೆದ ತಿಂಗಳು ಸಾಗರದ ಪೇಟೆಯಲ್ಲಿ ಅಮ್ಮನಿಗೆ ಇಯರ್‌ಫೋನ್ ಕೊಳ್ಳಲು ಹೋಗಿದ್ದೆ. ಅಮ್ಮನಿಗೀಗ ಕಿವಿ ಮಂದ. ಮೊಬೈಲಿನಲ್ಲಿ ಅವಳು ಹಾಡು ಹಚ್ಚಿದರೆ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಿದ ಹಾಗೆ ಆಗುತ್ತದೆ. ಅಂಗಡಿಯವನು "ವೈರ್ ಇರೋದಾ ಮೇಡಂ, ಇಲ್ದೇ ಇರೋದಾ?" ಎಂದು ಕೇಳಿ, ಒಂದು ಪೊಟ್ಟಣವನ್ನು ಕತ್ತರಿಯಿಂದ ಬಿಡಿಸಿ ನನ್ನ ಮುಂದೆ ಹಿಡಿದ. ಹೊಸ ಪ್ಲಾಸ್ಟಿಕ್ಕು, ರಬ್ಬರು, ಮತ್ತೆ ಸುಟ್ಟ ಸಕ್ಕರೆಯಂಥದೇನೋ... ಆ ವಾಸನೆ ಮೂಗಿಗೆ ಬಂದದ್ದೇ ನಾನು ಹಾಗೆಯೇ ನಿಂತುಬಿಟ್ಟೆ.

"ವಾಸ್ನೆ ಬಂತಾ ಮೇಡಂ? ಎರಡು ದಿನಕ್ಕೆ ಹೋಗ್ತದೆ," ಎಂದ ಅವನು.

ಹೋಗಲಿಲ್ಲ.

ಚಿಕ್ಕಮ್ಮ ನನಗಿಂತ ಐದಾರು ವರ್ಷ ದೊಡ್ಡವಳು ಅಷ್ಟೆ. ಅಪ್ಪನ ತಮ್ಮನ ಹೆಂಡತಿ. ಕೋಣಂದೂರಿನ ಕಡೆಯವಳು. ಅವಳು ಮದುವೆಯಾಗಿ ನಮ್ಮ ಹೊಸನಗರದ ಮನೆಗೆ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಬೇರೆಯವರ ಎದುರಿಗೆ ಬಹುವಚನದಲ್ಲಿ ಮಾತಾಡಿಸಬೇಕು ಎಂದು ಅಜ್ಜಿ ಎಷ್ಟು ಸಲ ಗದರಿದರೂ ನಾನು ಅವಳನ್ನು 'ನೀನು' ಎಂದೇ ಕರೆಯುತ್ತಿದ್ದೆ. ಅವಳಿಗೂ ಅದೇ ಇಷ್ಟ.

ನಮ್ಮದು ಹಿಟ್ಟಿನ ಗಿರಣಿಯ ಮನೆ. ರಸ್ತೆಯ ಬದಿಗೆ ಗಿರಣಿ, ಅದರ ಹಿಂದಿನ ಗೋಡೆಗೆ ಆತುಕೊಂಡಂತೆ ಮನೆ. ಡೀಸೆಲ್ ಎಂಜಿನ್ನು ಶುರುವಾಯಿತೆಂದರೆ ಮನೆಯೊಳಗೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ನಾವೆಲ್ಲ ಕೈಸನ್ನೆಯಲ್ಲೇ ಅನ್ನ ಬೇಕು, ಸಾರು ಸಾಕು ಎಂದು ಹೇಳಿ ಬೆಳೆದವರು. ಗಿರಣಿಯನ್ನು ನೋಡಿಕೊಳ್ಳುತ್ತಿದ್ದವನು ಚಿಕ್ಕಪ್ಪ. ಅವನು ಕಾಮಾಲೆಯಿಂದ ತೀರಿಕೊಂಡ. ಎಂಬತ್ತರ ದಶಕದ ನಡುವೆ ಯಾವುದೋ ಒಂದು ವರ್ಷ. ಯಾವ ವರ್ಷ ಎಂದು ನಿಖರವಾಗಿ ಹೇಳಲು ಹೋದರೆ ತಪ್ಪುತ್ತೇನೆ. ಮಗಳಿಗೆ ಆಗ ಮೂರು ತುಂಬಿತ್ತು.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಾಡಿನ ಸದ್ದು ಕೇಳಬಾರದು ಎನ್ನುವುದು ನಮ್ಮಲ್ಲಿದ್ದ ಕಟ್ಟಳೆ. ಹಬ್ಬವಿಲ್ಲ, ಹೊಸಬಟ್ಟೆಯಿಲ್ಲ, ರೇಡಿಯೋ ಇಲ್ಲ. ಅಜ್ಜಿ ರೇಡಿಯೋಕ್ಕೆ ಒಂದು ಹಳೆಯ ದಿಂಬಿನ ಚೀಲ ತೊಡಿಸಿ ಅಟ್ಟಕ್ಕೆ ಕಳಿಸಿದಳು. ಚಿಕ್ಕಮ್ಮನ ಮಟ್ಟಿಗೆ ಈ ಕಟ್ಟಳೆ ಒಂದು ವರ್ಷಕ್ಕೆ ಮುಗಿಯುವಂಥದಲ್ಲ. ತವರಿನ ಸೀಮೆಯಲ್ಲಿ ಮದುವೆಯ ಹಾಡುಗಳಿಗೆ ಅವಳನ್ನೇ ಕರೆಸುತ್ತಿದ್ದರು. ಇನ್ನು ಯಾರ ಮದುವೆಯ ಚಪ್ಪರದಲ್ಲೂ ಅವಳು ಬಾಯಿ ತೆರೆಯುವ ಹಾಗಿರಲಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಹನ್ನೊಂದರ ದಿನ ಕಳೆದ ಮೇಲೆ ಜಗಲಿಯಲ್ಲಿ ಕೂತು ಅಜ್ಜ ಎಲ್ಲರ ಎದುರಿಗೆ ಹೇಳಿದ್ದರು: "ವರ್ಷ ತುಂಬ್ಲಿ. ಹೆಂಗಿರ್ತಾಳೆ ನೋಡನ. ಇಲ್ಲೇ ಇರದೋ, ಕೋಣಂದೂರಿಗೆ ಹೋಗದೋ, ಆಮೇಲೆ ಹೇಳ್ತೀನಿ." ಅಜ್ಜಿ ಬಾಗಿಲ ಹಿಂದಿನಿಂದ ಒಂದು ಮಾತು ಸೇರಿಸಿದಳು: "ಅವ್ಳು ಎಲ್ಲಿಗಾದ್ರೂ ಹೋಗ್ಲಿ, ಮಗು ಈ ಮನೇದು." ಇದು ನಾನು ಕೇಳಿದ ಮಾತೇ. ಚಿಕ್ಕಮ್ಮ ಆಗ ಮಗುವಿನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ.

ಹಾಗಾಗಿ ಆ ವರ್ಷವನ್ನು ಅವಳು ಪರೀಕ್ಷೆಗೆ ಕೂತವಳ ಹಾಗೆ ಕಳೆಯಬೇಕಾಗಿತ್ತು. ನಗಬಾರದು. ಬಾಗಿಲಲ್ಲಿ ನಿಲ್ಲಬಾರದು. ಮಗುವನ್ನು ಮಲಗಿಸುವಾಗಲೂ ಅವಳು ಹಾಡದೆ, ಬರೀ ಬೆನ್ನು ತಟ್ಟುತ್ತಿದ್ದಳು. ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಾಗ, ಬಚ್ಚಲಿನ ಹತ್ತಿರ ಬಟ್ಟೆ ಹಿಂಡುತ್ತಾ ಅವಳೇ ಹೇಳಿದಳು.

"ಹಾಡದೆ ಇರಬಹುದು ಕಣೇ. ಕೇಳದೆ ಹೆಂಗಿರದು ಹೇಳು?"

ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವಂತಿರಲಿಲ್ಲ. ಅವಳ ಅಣ್ಣ ಬಂದವನು ಸೀರೆ, ಬಳೆ ತರಲಾಗದ ಸಂಕಟಕ್ಕೋ ಏನೋ, "ಏನಾದ್ರೂ ತಗ" ಎಂದು ಹಣ ಕೊಟ್ಟು ಹೋಗಿದ್ದ. ಅದು ಅವಳ ಟ್ರಂಕಿನಲ್ಲಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ಹುಡುಗಿಯೊಬ್ಬಳ ಹತ್ತಿರ ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಪುಟ್ಟ ಕ್ಯಾಸೆಟ್ ಯಂತ್ರ ಇದೆಯೆಂದು ನಾನು ಯಾವತ್ತೋ ಮಾತಿಗೆ ಹೇಳಿದ್ದೆನೋ, ಅಥವಾ ಅವಳೇ ಯಾವುದೋ ಪತ್ರಿಕೆಯ ಜಾಹೀರಾತಿನಲ್ಲಿ ನೋಡಿದ್ದಳೋ... ಇಬ್ಬರಲ್ಲಿ ಯಾರು ಮೊದಲು ಆಡಿದ ಮಾತು ಅದು, ಗೊತ್ತಿಲ್ಲ. ತಲೆನೋವು, ಕಣ್ಣು ತೋರಿಸಬೇಕು ಎಂದು ಅಜ್ಜನ ಒಪ್ಪಿಗೆ ಪಡೆದು ನಾವಿಬ್ಬರೂ ಸಾಗರದ ಬಸ್ಸು ಹತ್ತಿದೆವು. ತಲೆನೋವು ಸುಳ್ಳೇನಲ್ಲ.

ಸಾಗರದಲ್ಲಿ ಭಟ್ಕಳದಿಂದ ತಂದ ಫಾರಿನ್ ಸಾಮಾನು ಮಾರುವ ಒಂದು ಮಾಳಿಗೆಯ ಅಂಗಡಿಯಿತ್ತು. ಮಡಚುವ ಕೊಡೆ, ಸೆಂಟು, ವಾಚು, ನೈಲಾನ್ ಸೀರೆ ಎಲ್ಲ ಒಂದೇ ಗಾಜಿನ ಬೀರುವಿನಲ್ಲಿ. ಅಂಗಡಿಯವನು ಮಾತುಗಾರ. ಮೊದಲು ಹಿಡಿಕೆಯಿರುವ ಚಪ್ಪಟೆ ಟೇಪ್ ರೆಕಾರ್ಡರ್ ತೋರಿಸಿದ. ಅದರಲ್ಲಿ ನಮ್ಮ ದನಿಯನ್ನೂ ಹಿಡಿಯಬಹುದಿತ್ತು. ಆಮೇಲೆ ಬೆಳ್ಳಿ ಬಣ್ಣದ ದೊಡ್ಡ ಟೂ ಇನ್ ಒನ್ ಎತ್ತಿ ತಂದ.

"ಇದ್ನ ತಗೊಳ್ಳಿ ಅಕ್ಕ. ರೇಡಿಯೋನೂ ಆಯ್ತು, ಕ್ಯಾಸೆಟ್ಟೂ ಆಯ್ತು. ಇಡೀ ಕೇರಿಗೆ ಕೇಳ್ತದೆ."

"ಕೇರಿಗೆ ಕೇಳದು ಬೇಡ," ಅಂದಳು ಚಿಕ್ಕಮ್ಮ.

"ಕೇರಿಗೆ ಬ್ಯಾಡ ಬಿಡಿ. ಮನೆಯವ್ರಿಗಾದ್ರೂ ಕೇಳ್ಬೇಕಲ್ಲ."

"ಮನೆಯವ್ರಿಗೂ ಬೇಡ."

ಅವನು ಆಗ ಅವಳ ಹಣೆಯನ್ನು ನೋಡಿದ. ಟೂ ಇನ್ ಒನ್ನನ್ನು ಸದ್ದು ಮಾಡದೆ ಪಕ್ಕಕ್ಕಿಟ್ಟು, ಬೀರುವಿನ ಕೆಳಗಿನಿಂದ ಅಂಗೈ ಅಗಲದ ಒಂದು ಪೆಟ್ಟಿಗೆಯನ್ನು ತೆಗೆದ. "ಹಂಗಾದ್ರೆ ಇದು. ಇದ್ರಲ್ಲಿ ರೇಡಿಯೋ ಇಲ್ಲ. ರೆಕಾರ್ಡು ಮಾಡಕ್ಕಾಗಲ್ಲ. ಒತ್ತಿಗೆ ಕೂತೋರಿಗೂ ಕೇಳಲ್ಲ. ಏನೂ ಇಲ್ದಿದ್ದಕ್ಕೆ ಇಷ್ಟು ರೇಟಾ ಅಂತ ಜನ ನಂಗೆ ಬಯ್ತಾರೆ."

ಅವನೇ ಒಂದು ಕ್ಯಾಸೆಟ್ಟು ಹಾಕಿ ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟ. ಆಗ ಬಂದದ್ದು ಆ ವಾಸನೆ. ಅವಳು ತಲೆಗೆ ಸಿಕ್ಕಿಸಿಕೊಂಡಳು. ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ನಿಂತಳು. ಆಮೇಲೆ ಕೆಳಗಿನ ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ, "ತಲೆ ಒಳಗೇ ಹಾಡ್ತಾರೆ ಕಣೇ," ಅಂದಳು. ನಾನು ಗಾಬರಿಯಾಗಿ ಅವಳ ಕೈ ಹಿಡಿದೆ. ಅಂಗಡಿಯವನು ನಕ್ಕ. "ಎಲ್ರೂ ಹಂಗೇ ಅಕ್ಕ. ಕಿವಿ ಮುಚ್ಚಿದ್ರೆ ಬಾಯಿ ದೊಡ್ಡದಾಗ್ತದೆ."

ಅವಳೂ ನಕ್ಕಳು. ಚಿಕ್ಕಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅಲ್ಲೊಂದೇ ಕಡೆ.

ಹಾಡುಗಳನ್ನು ಹೊಂದಿಸುವುದು ಬೇರೆಯೇ ಕೆಲಸ. ಆಗ ಸಾಗರದಲ್ಲಿ ರೆಕಾರ್ಡಿಂಗ್ ಅಂಗಡಿಗಳಿದ್ದವು. ನಮಗೆ ಬೇಕಾದ ಹಾಡುಗಳನ್ನು ಹೇಳಿ ಬಂದರೆ ಅವರು ತಮ್ಮಲ್ಲಿರುವ ಗ್ರಾಮಫೋನ್ ತಟ್ಟೆಗಳಿಂದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ್ದು ಸಾಕೋ ತೊಂಬತ್ತರದ್ದು ಬೇಕೋ ಎಂದು ಕೇಳಿದರು. ತೊಂಬತ್ತರದ್ದರ ಟೇಪು ತೆಳು, ಸಣ್ಣ ಯಂತ್ರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದರು. ಅವಳು ಅರವತ್ತರದ್ದನ್ನು ಆರಿಸಿದಳು. "ಭಕ್ತಿಗೀತೆ ಹಾಕ್ಲಾ?" ಎಂದು ಅವನು ತಾನಾಗಿಯೇ ಕೇಳಿದಾಗ, ಬೇಡ ಎಂದು ತಲೆಯಾಡಿಸಿದಳು. ಸಿನಿಮಾಗಳ ಹೆಸರು ಅವಳಿಗೆ ಗೊತ್ತಿರಲಿಲ್ಲ. ರೇಡಿಯೋದಲ್ಲಿ ಕೇಳಿ ಕಲಿತವಳು. ಹಾಗಾಗಿ ಮೇಜಿನ ಮೇಲೆ ಕಣ್ಣು ನೆಟ್ಟು ಒಂದೊಂದು ಹಾಡಿನ ಮೊದಲ ಸಾಲನ್ನು ಗುನುಗಿದಳು. ಅವನು ಬರೆದುಕೊಳ್ಳುತ್ತಾ ಹೋದ. ಕೊನೆಗೆ, "ಎಲ್ಲಾ ಗಂಡು ಹೆಣ್ಣು ಸೇರಿ ಹಾಡಿದ್ದೇ ಆಯ್ತಲ್ಲ ತಾಯಿ," ಎಂದ. ಕ್ಯಾಸೆಟ್ಟನ್ನು ಮುಂದಿನ ವಾರ ಬಸ್ಸಿನ ಕಂಡಕ್ಟರ್ ಒಬ್ಬರ ಕೈಯಲ್ಲಿ ಹೊಸನಗರಕ್ಕೆ ತರಿಸಿಕೊಂಡೆವು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು, "ಹಾಕ್ಕಂಡು ಬಾಯಿ ಬಿಟ್ಟೀಯ ಮತ್ತೆ," ಎಂದೆ. "ಗಿರಣಿ ಓಡುವಾಗ ಮಾತ್ರ ಹಾಕ್ಕಂತೀನಿ," ಅಂದಳು. "ಆಗ ನಾನು ಹೆರಿಗೆ ನೋವು ತಿಂದ್ರೂ ಯಾರಿಗೂ ಕೇಳಲ್ಲ."

ಹಾಗೆಯೇ ನಡೆಯಿತು. ಬೆಳಿಗ್ಗೆ ಎಂಜಿನ್ನು ಶುರುವಾಗಿ ಬೀಸಿಸಲು ಬಂದವರ ಸಾಲು ಹತ್ತುವ ಹೊತ್ತಿಗೆ ಅವಳು ಹಿಂದಿನ ಸೌದೆ ಕೋಣೆಗೆ ಹೋಗುತ್ತಿದ್ದಳು. ಅವಳಿಗೆ ಬೇಕಾದದ್ದು ಸ್ವಲ್ಪ ಹೊತ್ತು. ನಾನು ಇದ್ದಷ್ಟು ದಿನ ಒಂದೆರಡು ಸಲ ಬಾಗಿಲ ಸಂದಿಯಿಂದ ಕಂಡದ್ದುಂಟು. ತಲೆಯ ಮೇಲೆ ಸೆರಗು, ಸೆರಗಿನ ಕೆಳಗೆ ಆ ಪಟ್ಟಿ. ತುಟಿ ಅಲ್ಲಾಡುತ್ತಿರುತ್ತಿತ್ತು. ಹಾಡುತ್ತಿದ್ದಳೋ, ಬರೀ ತುಟಿಯೋ, ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ನಾನು ಮೈಸೂರಿಗೆ ಹೊರಟ ದಿನ ಅವಳು ಕೆನ್ನೆ ತುಂಬಿಕೊಂಡಿದ್ದಳು ಎಂದು ನೆನಪು. ಇದೂ ನಾನು ಆಮೇಲೆ ಕಟ್ಟಿಕೊಂಡದ್ದಿರಬಹುದು.

ಇನ್ನು ಮುಂದಿನದು ಕೇಳಿದ ಮಾತು. ಅಮ್ಮ ಹೇಳಿದ್ದು, ಅಪ್ಪ ಹೇಳಿದ್ದು, ತೀರ್ಥಹಳ್ಳಿಯಿಂದ ಬಂದಿದ್ದ ಅಜ್ಜನ ತಂಗಿ ಹೇಳಿದ್ದು. ಮೂವರದ್ದೂ ಪೂರ್ತಿ ಹೊಂದುವುದಿಲ್ಲ.

ವರ್ಷ ತುಂಬಲು ಸ್ವಲ್ಪವೇ ದಿನ ಉಳಿದಿತ್ತು. ಚಿಕ್ಕಪ್ಪನಿಗೆ ಎಡೆ ಇಡುವ ದಿನ. ನಮ್ಮಲ್ಲಿ ಎಡೆ ಎಂದರೆ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ನಡುಮನೆಯಲ್ಲಿ ಬಾಳೆಯೆಲೆಗೆ ಬಡಿಸಿ, ದೀಪ ಹಚ್ಚಿ, ಬಾಗಿಲು ಹಾಕಿಕೊಂಡು ಮನೆಮಂದಿಯೆಲ್ಲ ಹೊರಗೆ ಜಗಲಿಯಲ್ಲಿ ನಿಲ್ಲುವುದು. ಒಳಗೆ ಅವರು ಬಂದು ಉಣ್ಣುತ್ತಾರೆ. ಅವರು ಉಂಡೇಳುವವರೆಗೆ ಯಾರೂ ಮಾತಾಡಬಾರದು, ನಿಂತಲ್ಲಿಂದ ಅಲುಗಬಾರದು. ಸದ್ದಾದರೆ ಅವರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಹಿರಿಯರು ಬಾಗಿಲು ತಟ್ಟಿ ತೆರೆದ ಮೇಲೆಯೇ ಮಾತು.

ಚಿಕ್ಕಮ್ಮ ಅಂದು ಹೊರಗಾಗಿದ್ದಳು. ಗಂಡನ ಎಡೆಗೆ ಒಂದು ಸೌಟು ಮುಟ್ಟುವ ಹಾಗಿರಲಿಲ್ಲ. ಹಿಂದಿನ ಸೌದೆ ಕೋಣೆಯಲ್ಲಿ ಕೂತಿದ್ದಳು. ಮಧ್ಯಾಹ್ನಕ್ಕೆ ಮೊದಲೇ ಎಡೆ ಮುಗಿಯಬೇಕಿತ್ತು. ತೀರ್ಥಹಳ್ಳಿಯ ಬಸ್ಸು ತಡವಾಯಿತು. ಅಜ್ಜನ ತಂಗಿ ಬಾರದೆ ಎಡೆ ಇಡುವ ಹಾಗಿಲ್ಲ. ಗಿರಣಿಯ ಮುಂದೆ ಬೀಸಿಸಿಕೊಂಡು ಹೋಗಲು ಬಂದವರು ನಿಂತೇ ಇದ್ದರು. ಸರಿ, ಬಸ್ಸು ಬರುವ ತನಕ ಓಡಲಿ ಎಂದು ಅಪ್ಪ ಎಂಜಿನ್ನು ಹಚ್ಚಿದರು. ಅದು ಕೇಳಿದ ಚಿಕ್ಕಮ್ಮ ಎಡೆ ಮುಗಿದಿರಬೇಕು, ಗಿರಣಿ ಶುರುವಾಯಿತು ಎಂದುಕೊಂಡು ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡಳು. ಅವಳಿಗೆ ಹೋಗಿ ಹೇಳುವವರು ಯಾರೂ ಇರಲಿಲ್ಲ. ಮುಟ್ಟುವ ಹಾಗಿಲ್ಲದವಳ ಹತ್ತಿರ ಆ ದಿನ ಯಾರು ಹೋಗುತ್ತಾರೆ?

ಬಸ್ಸು ಬಂತು. ಅಪ್ಪ ಎಂಜಿನ್ನು ನಿಲ್ಲಿಸಿದರು. ಎಡೆ ಬಡಿಸಿ ಬಾಗಿಲು ಹಾಕಿದರು. ಎಲ್ಲರೂ ಜಗಲಿಯಲ್ಲಿ ಸಾಲಾಗಿ ನಿಂತರು.

ಆಗ ಹಿಂದಿನಿಂದ ಚಿಕ್ಕಮ್ಮನ ಹಾಡು ಕೇಳಿತು.

ಸಣ್ಣ ದನಿಯಲ್ಲಲ್ಲ. ಮದುವೆಯ ಚಪ್ಪರದಲ್ಲಿ ಹಾಡುವಂಥ ತುಂಬಿದ ಗಂಟಲು. ಯಾವ ಹಾಡು ಎಂದು ಕೇಳಿದರೆ ಮೂವರೂ ಬೇರೆ ಬೇರೆ ಹೇಳುತ್ತಿದ್ದರು. ಒಂದು ಮಾತಿನಲ್ಲಿ ಮಾತ್ರ ಮೂವರೂ ಒಂದೇ: ಅವಳು ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದಳು. ಆಮೇಲೆ ಮೌನ. ಯಾರೋ ಉತ್ತರ ಕೊಟ್ಟು ಮುಗಿಸಿದ ಮೇಲೆ ಎನ್ನುವ ಹಾಗೆ ಮತ್ತೊಂದು ಸಾಲು. ಎಂಜಿನ್ನು ನಿಂತದ್ದು ಅವಳಿಗೆ ತಿಳಿದಿರಲಿಲ್ಲ, ಅವಳ ಕಿವಿಯೊಳಗೆ ಗಂಡಿನ ಸಾಲು ಓಡುತ್ತಿತ್ತು. ಅವಳು ತನ್ನ ಪಾಲಿನದನ್ನು ಮಾತ್ರ ಹಾಡುತ್ತಿದ್ದಳು.

ಜಗಲಿಯಲ್ಲಿ ನಿಂತವರಿಗೆ ಇದು ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಬೇರೆ. ಚಿಕ್ಕಪ್ಪ ಬದುಕಿದ್ದಾಗ ರೇಡಿಯೋದಲ್ಲಿ ಅಂಥ ಹಾಡು ಬಂದರೆ, ಗಡ್ಡ ಹೆರೆಯುತ್ತಲೋ ಬನಿಯನ್ನಿನ ಹಿಟ್ಟು ಕೊಡವುತ್ತಲೋ ಗಂಡಿನ ಸಾಲುಗಳನ್ನು ಅವನು ಹಾಡುತ್ತಿದ್ದ. ಒಲೆಯ ಮುಂದಿನಿಂದ ಹೆಣ್ಣಿನ ಸಾಲುಗಳನ್ನು ಅವಳು ಎತ್ತಿಕೊಳ್ಳುತ್ತಿದ್ದಳು. ಅವನು ಶ್ರುತಿ ಬಿಟ್ಟು ಹಾಡುತ್ತಿದ್ದ. ಅದಕ್ಕೆ ಮನೆಯವರೆಲ್ಲ ನಗುತ್ತಿದ್ದರು. ಈಗ ಅವನನ್ನು ಎಡೆಗೆ ಕರೆದು ಬಾಗಿಲು ಹಾಕಿದ್ದಾರೆ. ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಯಾರದೋ ಜೊತೆಗೆ ಹಾಡುತ್ತಿದ್ದಾಳೆ.

ಯಾರೂ ಮಾತಾಡುವ ಹಾಗಿಲ್ಲ, ಅಲುಗುವ ಹಾಗಿಲ್ಲ. ಹಾಡು ಮುಗಿಯುವ ತನಕ ಎಲ್ಲರೂ ನಿಂತೇ ಇದ್ದರು. ಅಜ್ಜಿ ಕೈಮುಗಿದುಕೊಂಡಿದ್ದಳು ಎಂದು ಅಪ್ಪ ಹೇಳಿದ್ದರು. ಅಜ್ಜನ ಕಣ್ಣಲ್ಲಿ ನೀರಿತ್ತು ಎಂದದ್ದು ಅಜ್ಜನ ತಂಗಿ. ಅಮ್ಮ ಆ ಭಾಗವನ್ನು ಯಾವತ್ತೂ ಹೇಳಿಲ್ಲ.

ಅಜ್ಜ ಬಾಗಿಲು ತಟ್ಟಿ ತೆರೆದದ್ದೇ ಎಲ್ಲರೂ ಹಿಂದಕ್ಕೆ ಓಡಿದರು. ಸೌದೆಯ ಮೇಲೆ ಕೂತ ಚಿಕ್ಕಮ್ಮ ಇವರತ್ತ ಬೆನ್ನು ಹಾಕಿ ಮುಂದಿನ ಹಾಡಿಗೆ ಕಾಯುತ್ತಿದ್ದಳು. ಸೆರಗು ಜಾರಿತ್ತು. ತಲೆಯ ಮೇಲಿನ ಪಟ್ಟಿ, ವೈರು, ಮಡಿಲಲ್ಲಿ ತಿರುಗುತ್ತಿದ್ದ ಯಂತ್ರ ಎಲ್ಲವೂ ಕಂಡವು.

ಅಜ್ಜ ಬಯ್ಯಲಿಲ್ಲವಂತೆ. "ದೆವ್ವ ಆಗಿದ್ರೆ ಬಿಡಿಸ್ಬಹುದಿತ್ತು," ಎಂದರಂತೆ. ಮರುದಿನ ಕೋಣಂದೂರಿಗೆ ಹೇಳಿಕಳಿಸಿದರು. ಅವಳ ಅಣ್ಣ ಬಂದು, ಎಷ್ಟು ಕೈಮುಗಿದರೂ ಅಜ್ಜ ಕೇಳದಿದ್ದಾಗ, ಅವಳನ್ನೂ ಟ್ರಂಕನ್ನೂ ಬಸ್ಸಿಗೆ ಹತ್ತಿಸಿದ. ಮಗು ಮಲಗಿತ್ತು. ಎಬ್ಬಿಸುವುದು ಬೇಡ ಎಂದಳು ಅಜ್ಜಿ. ಆ ಯಂತ್ರ ಏನಾಯಿತೋ ತಿಳಿಯದು. ಕೆರೆಗೆ ಎಸೆದರು ಎಂದು ಒಬ್ಬರು, ತೀರ್ಥಹಳ್ಳಿಯ ಯಾರೋ ಒಯ್ದರು ಎಂದು ಇನ್ನೊಬ್ಬರು. ಊರಿಗೆ ಮಾತ್ರ ಒಂದೇ ಸುದ್ದಿ ಸಿಕ್ಕಿತು: ಗಿರಣಿಯವರ ಸೊಸೆಗೆ ತಲೆ ಕೆಟ್ಟಿದೆಯಂತೆ.

ಪರೀಕ್ಷೆ ಮುಗಿಸಿ ಬಂದ ನಾನು ಅಜ್ಜನ ಹತ್ತಿರ ವಾದ ಮಾಡಿದೆ. ಓದಿದ ಮಾತುಗಳೆಲ್ಲ ನನ್ನ ಬಾಯಲ್ಲಿದ್ದವು. ಅಜ್ಜ ಕೇಳಿಸಿಕೊಂಡು, ಎದ್ದು, ಗಿರಣಿ ಹಚ್ಚಿದರು.

ಕೋಣಂದೂರಿಗೆ ಹೋಗಿ ಅವಳನ್ನು ನೋಡಿದ್ದು ಒಂದೇ ಸಲ. ಅಣ್ಣನ ಮನೆಯ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೇಸಿಗೆಯಲ್ಲೂ ಕಿವಿಗಳನ್ನು ಮುಚ್ಚಿ ತಲೆಗೊಂದು ವಸ್ತ್ರ ಸುತ್ತಿಕೊಂಡಿದ್ದಳು. ಮಗುವನ್ನು ಒಮ್ಮೆ ಅರ್ಧ ದಿನಕ್ಕೆ ಕರೆತಂದಿದ್ದರಂತೆ. ಅದು ಅಜ್ಜಿ ಬೇಕು ಎಂದು ಅತ್ತು ಅತ್ತು ವಾಪಸು ಹೋಯಿತು ಎಂದಳು. ಅದನ್ನು ಹೇಳುವಾಗ ಅವಳು ಅಳಲಿಲ್ಲ. ಮೊರದಲ್ಲಿದ್ದ ಕಲ್ಲನ್ನು ಎತ್ತಿ ಪಕ್ಕಕ್ಕೆ ಹಾಕಿದಳು.

"ನಾನು ಹಾಡ್ದೆ ಅಂತ ಎಲ್ರೂ ಹೇಳ್ತಾರೆ," ಅಂದಳು ಕೊನೆಗೆ. "ನಂಗೆ ನನ್ ದನಿ ಕೇಳ್ಲೇ ಇಲ್ವಲ್ಲೇ. ಹೆಂಗಿತ್ತಂತೆ?"

ನಾನು ಅಂದು ಅಲ್ಲಿರಲಿಲ್ಲವಲ್ಲ. ಚೆನ್ನಾಗಿತ್ತಂತೆ ಎಂದು ಹೇಳಿದೆನೋ, ಸುಮ್ಮನೆ ಕೂತೆನೋ... ಹೇಳಿದೆ ಎಂದು ನೆನಪು. ಆದರೆ ಹೇಳಿರಬೇಕಾಗಿತ್ತು ಎಂಬ ಆಸೆಯೇ ನೆನಪಾಗಿದೆಯೋ ಏನೋ. ಆ ದಶಕ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ಜ್ವರ ಎಂದರು. ನನಗೆ ಸುದ್ದಿ ತಲುಪುವಾಗ ಎಲ್ಲ ಮುಗಿದಿತ್ತು.

ಅವಳ ಮಗಳು ಈಗ ತೀರ್ಥಹಳ್ಳಿಯಲ್ಲಿದ್ದಾಳೆ. ಒಮ್ಮೆ ಕೇಳಿದ್ದಕ್ಕೆ, "ನಂಗೆ ಅಮ್ಮನ ಮುಖ ನೆನಪಿಲ್ಲ ಅಕ್ಕ. ಫೋಟೋ ನೆನಪಿದೆ," ಎಂದಳು. ದನಿಯ ವಿಷಯ ನಾನು ಎತ್ತಲಿಲ್ಲ. ಅಂಗಡಿಯಲ್ಲಿ ದನಿ ಹಿಡಿಯುವ ಯಂತ್ರವೂ ಇತ್ತು. ಅದು ಬೇರೆಯವರಿಗೂ ಕೇಳುತ್ತದೆಂದು ಚಿಕ್ಕಮ್ಮ ಅದನ್ನು ಬಿಟ್ಟಿದ್ದಳು. ಅವಳ ದನಿ ಈಗ ಲೋಕದಲ್ಲಿ ಎಲ್ಲಿಯೂ ಇಲ್ಲ.

ಇಷ್ಟು ವರ್ಷ ನಾನು ಅಜ್ಜನನ್ನು ಕಟ್ಟಳೆಯ ಮನುಷ್ಯ ಎಂದೇ ಬರೆದುಕೊಂಡು ಬಂದೆ. ಹಾಡಿದ್ದು ತಪ್ಪು, ಅದಕ್ಕೆ ಶಿಕ್ಷೆ ಎಂದು. ಈಗ ಅಷ್ಟು ಸಲೀಸಾಗಿ ಬರೆಯಲಾರೆ. ಸತ್ತ ಮಗ ಬಂದಿದ್ದಾನೆ ಎಂದು ಒಂದು ಹಾಡಿನ ಹೊತ್ತು ಅವರು ನಂಬಿದ್ದರು. ಹೋಗಿ ನೋಡಿದರೆ ಅಲ್ಲಿ ಮಗನಿರಲಿಲ್ಲ, ಪ್ಲಾಸ್ಟಿಕ್ಕಿನ ಪೆಟ್ಟಿಗೆಯಿತ್ತು. ಅವಳನ್ನು ಕಳಿಸಿದ್ದು ಹಾಡಿದ್ದಕ್ಕೋ, ಅವನು ಬಂದಿರಲಿಲ್ಲ ಎಂದು ಗೊತ್ತುಮಾಡಿದ್ದಕ್ಕೋ? ಅಜ್ಜ ಇಲ್ಲ, ಅಜ್ಜಿ ಇಲ್ಲ, ಅಜ್ಜನ ತಂಗಿ ಇಲ್ಲ, ಅಪ್ಪನೂ ಇಲ್ಲ. ಅಂದು ಜಗಲಿಯಲ್ಲಿ ನಿಂತವರಲ್ಲಿ ಈಗ ಉಳಿದಿರುವವಳು ಅಮ್ಮ ಒಬ್ಬಳೇ.

ಮೊನ್ನೆ ಸಂಜೆ ಅವಳ ಹತ್ತಿರ ಕೂತು, ಕೇಳುವ ಹಾಗೆ ಗಟ್ಟಿಯಾಗಿಯೇ ಕೇಳಿದೆ. ಕೇಳಿಸಿತು ಎಂದು ಅವಳ ಮುಖದಿಂದ ಗೊತ್ತಾಯಿತು. ಇವತ್ತಿನವರೆಗೂ ಅವಳು ಉತ್ತರ ಕೊಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಮ್ಮ, ಅವ್ಳು ಒಂದೊಂದು ಸಾಲು ಹಾಡಿ ಸುಮ್ಮನಾಗ್ತಿದ್ಲಲ್ಲ, ಆ ನಡುವೆ ನಿಂಗೆ ಚಿಕ್ಕಪ್ಪನ ದನಿ ಕೇಳ್ತಾ?"